ಸ್ಟೇಜಿನ ಸೂತಕ

ಈ ವರ್ಷವೂ ದಸರಾ ಕಳೆಯುವ ಹೊತ್ತಿಗೆ ಭದ್ರಾವತಿಯಿಂದ ಫೋನ್ ಬಂತು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ರಾಜ್ಯೋತ್ಸವ ನಡೆಸುವ ಸಂಘದ ಕಾರ್ಯದರ್ಶಿ. ನಗೆ ಕಾರ್ಯಕ್ರಮಕ್ಕೆ ದಿನ ಗೊತ್ತುಮಾಡಿಕೊಳ್ಳಬೇಕಿತ್ತು. ಅಕ್ಕ ಈ ಸಲ ಬರುವುದಿಲ್ಲ, ಡಾಕ್ಟರು ಗಂಟಲಿಗೆ ವಿಶ್ರಾಂತಿ ಹೇಳಿದ್ದಾರೆ, ಅವರು ಸ್ಟೇಜು ಬಿಟ್ಟು ಆಯನೂರಿನ ತಮ್ಮನ ಮನೆಗೆ ಹೋಗಿದ್ದಾರೆ ಎಂದು ಹೇಳಿದೆ. ಆಮೇಲೆ ಆತ ಕಾರ್ಯಕ್ರಮದ ವಿಷಯ ಬಿಟ್ಟು, ಅಕ್ಕ ಮನೆಯಲ್ಲಾದರೂ ಮಾತಾಡುತ್ತಾರೋ ಇಲ್ಲವೋ ಎಂದು ಕೇಳಿದ. ಮಾತಾಡುತ್ತಾರೆ, ಆದರೆ ತಮ್ಮ ಸ್ವಂತ ದನಿಯಲ್ಲಿ ಮಾತ್ರ ಎಂದೆ. ಅದಕ್ಕೂ ಆತ ನಗಲಿಲ್ಲ. ಹದಿನಾರು ವರ್ಷ ಅಕ್ಕನ ಮಿಮಿಕ್ರಿ ತಂಡಕ್ಕೆ ಸ್ಕ್ರಿಪ್ಟ್ ಬರೆದವನು ನಾನು. ಅವರ ಬಗ್ಗೆ ಒಂದು ಪುಟವನ್ನೂ ಬರೆದಿಲ್ಲವಲ್ಲ ಎಂದು ಆ ಫೋನ್ ಇಟ್ಟ ಮೇಲೆ ಅನ್ನಿಸಿತು.

ಅವರ ಹೆಸರು ಬರೆಯುವುದಿಲ್ಲ. ಬರೆಯಬೇಡಿ ಎಂದಿದ್ದಾರೆ. ಎಲ್ಲರಿಗೂ ಅವರು ಅಕ್ಕ. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು. ಭದ್ರಾವತಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಶಿವಮೊಗ್ಗದ ಹೊಸಮನೆಯಲ್ಲಿ ವಾಸ, ದಿನಾ ಬಸ್ಸಿನ ಓಡಾಟ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಎಷ್ಟೋ ವರ್ಷ ಊರಿನವರ ದನಿಗಳನ್ನು ಒಂದಕ್ಕೊಂದು ಜೋಡಿಸುತ್ತಾ ಕುಳಿತವರಿಗೆ ಆ ದನಿಗಳೆಲ್ಲ ಒಳಗೆ ಇಳಿದುಬಿಟ್ಟಿದ್ದವು. ಮೇಲಧಿಕಾರಿಯ ದನಿಯಲ್ಲಿ ಮಾತಾಡಿ ಇಡೀ ಶಿಫ್ಟಿನವರನ್ನು ಎದ್ದು ನಿಲ್ಲಿಸಿದ್ದು ಅವರ ಮೊದಲ ಪ್ರದರ್ಶನ. ಆ ಅಧಿಕಾರಿ ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದರಂತೆ. ಬೈಯಲಿಲ್ಲ, ಆ ವರ್ಷದ ವಾರ್ಷಿಕೋತ್ಸವಕ್ಕೆ ಇವರ ಹೆಸರನ್ನು ತಾವೇ ಬರೆದುಕೊಟ್ಟರಂತೆ. ಮುಂದೆ ಅಕ್ಕ ಸ್ವಯಂ ನಿವೃತ್ತಿ ತೆಗೆದುಕೊಂಡು ತಂಡ ಕಟ್ಟಿದರು. ತಂಡ ಎಂದರೆ ಅಕ್ಕ, ಕೀಬೋರ್ಡ್ ನುಡಿಸುವ ಭದ್ರಾವತಿಯ ಮುರುಗೇಶ, ಸ್ಕ್ರಿಪ್ಟ್ ಬರೆದು ನಿರೂಪಣೆ ಮಾಡುವ ನಾನು. ನಾನು ಹೈಸ್ಕೂಲ್ ಮೇಷ್ಟ್ರು. ಅಕ್ಕನ ಬಾಯಲ್ಲಿ ಇವತ್ತಿಗೂ ಮೇಷ್ಟ್ರೇ.

ಅವರು ವೇಷ ಹಾಕಿದವರಲ್ಲ. ಸೆರಗನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಮೈಕಿನಿಂದ ಒಂದು ಗೇಣು ದೂರ ನಿಲ್ಲುತ್ತಿದ್ದರು. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ಯಾರ ಜೊತೆಗೂ ಮಾತಿಲ್ಲ. ಒಂದು ಮೂಲೆಯಲ್ಲಿ ಕುಳಿತು ಲವಂಗ ಬಾಯಿಗೆ ಹಾಕಿಕೊಂಡು ಉಸಿರಾಡುತ್ತಿರುವುದು. ಹೀಗೇಕೆ ಎಂದು ನಾನು ಮೊದಲ ವರ್ಷ ಕೇಳಿದ್ದೆ. "ದನಿ ಎಲ್ರೂ ತೆಗೀತಾರೆ ಮೇಷ್ಟ್ರೇ. ಆ ಮನುಷ್ಯ ಮಾತಿನ ಮಧ್ಯೆ ಎಲ್ಲಿ ಉಸಿರು ತಗೋತಾನೆ ಅಂತ ನೋಡ್ಬೇಕು. ಅದು ಸಿಕ್ಕಿದ್ರೆ ಅವನೇ ಬಂದು ಕೂತ್ಕೋತಾನೆ" ಎಂದಿದ್ದರು. ಒಬ್ಬ ಮಂತ್ರಿಯ ಉಸಿರು ಸಿಗಲಿಲ್ಲವೆಂದು ಒಳ್ಳೆಯ ಐಟಂ ಒಂದನ್ನು ಎರಡು ವರ್ಷ ಕಟ್ಟಿಟ್ಟರು. ಸಿಗುವ ಹೊತ್ತಿಗೆ ಆತ ಮಂತ್ರಿಯಾಗಿ ಉಳಿದಿರಲಿಲ್ಲ.

ನಗಿಸುವವರಿಗೆ ಒಂದು ಕಷ್ಟವಿದೆ, ಹೊರಗಿನವರಿಗೆ ಅದು ಹೊಳೆಯುವುದಿಲ್ಲ. ನಾವು ಯಾರನ್ನು ಆಡಿಕೊಳ್ಳುತ್ತೇವೋ ಅವರೆಲ್ಲ ಸಾಮಾನ್ಯವಾಗಿ ವಯಸ್ಸಾದವರು. ಹೆಸರು ಬರುವುದಕ್ಕೇ ಅರ್ಧ ಆಯುಷ್ಯ ಬೇಕು, ಆ ಹೆಸರಿಗೆ ಜನ ನಗುವುದಕ್ಕೆ ಇನ್ನಷ್ಟು. ಹಾಗಾಗಿ ಅವರು ಒಬ್ಬೊಬ್ಬರಾಗಿ ಸಾಯುತ್ತಾರೆ. ನಿನ್ನೆ ಸಂಜೆ ಯಾರ ಕೆಮ್ಮಿಗೆ ಜನ ಬಿದ್ದು ಬಿದ್ದು ನಕ್ಕರೋ ಇವತ್ತು ಬೆಳಗ್ಗೆ ಅವರ ಫೋಟೋಗೆ ಹಾರ. ಎಷ್ಟೋ ತಂಡಗಳು ಆವತ್ತೇ ಆ ಐಟಂ ಕಿತ್ತುಹಾಕಿ ಎರಡು ನಿಮಿಷ ಮೌನ ಮಾಡಿಸಿ ಮುಂದಕ್ಕೆ ಹೋಗುತ್ತವೆ. ಕೆಲವರು ಜನ ಕೇಳುತ್ತಾರೆ ಎಂದು ಅದನ್ನೇ ಇನ್ನಷ್ಟು ಜೋರಾಗಿ ಮಾಡುತ್ತಾರೆ. ಅಕ್ಕನಿಗೆ ಅವರದೇ ಒಂದು ಕಟ್ಟಳೆ ಇತ್ತು. ಅವರ ಮನೆಯವರು ಲಿಂಗ ಕಟ್ಟಿಕೊಂಡವರು, ಸಾವಿನ ಸೂತಕ ಹಿಡಿಯುವವರಲ್ಲ. "ನಮ್ಮನೇಲಿ ಸೂತಕ ಇಲ್ಲ ಮೇಷ್ಟ್ರೇ, ಸ್ಟೇಜಿಗೆ ಇದೆ" ಎನ್ನುತ್ತಿದ್ದರು. ಸತ್ತವರ ದನಿ ಹನ್ನೊಂದು ದಿನ ಅವರ ಬಾಯಿಂದ ಹೊರಡುತ್ತಿರಲಿಲ್ಲ, ಅಭ್ಯಾಸಕ್ಕೂ ಇಲ್ಲ. ಆಮೇಲೆ ಐಟಂ ಮತ್ತೆ ಬರಬಹುದು. ಆದರೆ ಆ ಮನುಷ್ಯ ಬದುಕಿದ್ದು ಮುಂದಿನ ಸಾಲಿನಲ್ಲಿ ಕೂತಿದ್ದರೆ ಎಷ್ಟು ಹೇಳಬಹುದಿತ್ತೋ ಅಷ್ಟೇ.

ಈ ಕಟ್ಟಳೆಯಿಂದ ಒಮ್ಮೆ ಫಜೀತಿಯೂ ಆಯಿತು. ಜಿಲ್ಲೆಗೆಲ್ಲ ಕುಸ್ತಿಯ ಕಾಮೆಂಟರಿಯಿಂದ ಹೆಸರಾಗಿದ್ದ ಹಿರಿಯರೊಬ್ಬರು ತೀರಿಕೊಂಡರೆಂದು ಒಂದು ಮಧ್ಯಾಹ್ನ ಎಲ್ಲರ ಮೊಬೈಲಿಗೂ ಸುದ್ದಿ ಬಂತು. ಅವತ್ತು ಸಂಜೆ ಆಯನೂರಿನಲ್ಲಿ ನಮ್ಮ ಕಾರ್ಯಕ್ರಮ. ಅಕ್ಕ ಅವರ ಐಟಂ ಬಿಟ್ಟರು. ಕಾರ್ಯಕ್ರಮ ಮುಗಿದ ಮೇಲೆ ನೋಡಿದರೆ ಆ ಹಿರಿಯರೇ ಬಿಳಿ ಪಂಚೆ ಎತ್ತಿ ಕಟ್ಟಿಕೊಂಡು ಸ್ಟೇಜಿನ ಹಿಂದೆ ಬಂದು ನಿಂತಿದ್ದಾರೆ. ಎಲ್ಲರದ್ದೂ ಮಾಡಿ ನನ್ನದೊಂದು ಯಾಕೆ ಬಿಟ್ಟೆ ತಾಯಿ ಎಂದು ಕೇಳಿದರು. ಮುರುಗೇಶ ವೈರು ಸುತ್ತುತ್ತಿದ್ದವನು ತಲೆ ಎತ್ತಿ, "ನೀವು ಸತ್ತೋಗಿದ್ರಿ ಸಾರ್, ಅದಕ್ಕೆ" ಎಂದುಬಿಟ್ಟ. ಹಿರಿಯರು ಒಂದು ಗಳಿಗೆ ಅವನನ್ನೇ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೆಂಡಾಲಿನ ಕುರ್ಚಿ ಎತ್ತುತ್ತಿದ್ದವರನ್ನೇ ನಿಲ್ಲಿಸಿ, ಅವರ ಮುಂದೆ ಅಕ್ಕನಿಂದ ತಮ್ಮ ಐಟಂ ಮಾಡಿಸಿಕೊಂಡೇ ಹೋದರು.

ಆದರೆ ನಾನು ಹೇಳಹೊರಟಿದ್ದು ಇನ್ನೊಬ್ಬರ ಸಾವಿನ ವಿಷಯ. ನಾಲ್ಕು ವರ್ಷದ ಹಿಂದಿನದು.

ಸಿನಿಮಾಗಳಲ್ಲಿ ಊರಗೌಡನ ಪಾತ್ರ ಮಾಡಿ ಮಾಡಿ ಹೆಸರಾಗಿದ್ದ ಹಳೆಯ ನಟರೊಬ್ಬರಿದ್ದರು. ಕೊನೆಯ ವರ್ಷಗಳಲ್ಲಿ ಅವರು ಟಿವಿ ಸಂದರ್ಶನಗಳಲ್ಲಿ ಕೂರುತ್ತಿದ್ದರು. ಹುಡುಗನಾಗಿದ್ದಾಗ ತಂದೆ ಮಾರಿದ ಎತ್ತಿನ ಕಥೆಯನ್ನು ಶುರುಮಾಡುತ್ತಿದ್ದರು. ಎತ್ತು ಸಂತೆಗೆ ಹೊರಡುವಷ್ಟರಲ್ಲಿ ಮಾತು ಯಾವುದೋ ಮದುವೆಯ ಊಟಕ್ಕೆ ತಿರುಗಿ, ಅಲ್ಲಿಂದ ಶೂಟಿಂಗಿಗೆ ಹಾರಿ, ನಿಂತುಹೋಗುತ್ತಿತ್ತು. ಆಗ ಶಾಲು ಸರಿಮಾಡಿಕೊಂಡು, ಸಂದರ್ಶಕನ ಮುಖ ನೋಡಿ, "ಅದೇನು ಹೇಳ್ತಿದ್ದೆ ನಾನು?" ಎನ್ನುತ್ತಿದ್ದರು. ಆ ತುಣುಕುಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಅಕ್ಕನಿಗೆ ಅವರ ಉಸಿರು ಒಂದೇ ದಿನದಲ್ಲಿ ಸಿಕ್ಕಿತು. ಈ ಒಂದು ಐಟಂಗೆ ಮಾತ್ರ ಅವರು ಹೆಗಲಿಗೆ ಶಾಲು ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದರು, ಮುರುಗೇಶ ಸಂದರ್ಶಕ. ಕಾಲು ಗಂಟೆಯಲ್ಲಿ ಏಳೆಂಟು ಸಲ ಆ ಮಾತು ಬರುತ್ತಿತ್ತು, ಪ್ರತಿ ಸಲವೂ ನಗು ಹೆಚ್ಚುತ್ತಿತ್ತು. ಭದ್ರಾವತಿಯ ಅಂಗಡಿಗಳಲ್ಲಿ, ಬಸ್ಸುಗಳಲ್ಲಿ ಜನ ಅದನ್ನೇ ಹೇಳಿ ನಗುತ್ತಿದ್ದರು. ನನ್ನ ಕ್ಲಾಸಿನ ಮಕ್ಕಳು ಪಾಠ ಒಪ್ಪಿಸುವಾಗ ತಪ್ಪಿದರೆ ಅದನ್ನೇ ಹೇಳುತ್ತಿದ್ದರು. ನಾನೂ ಬೆತ್ತ ಕೆಳಗಿಟ್ಟು ನಕ್ಕಿದ್ದೇನೆ.

ಆ ನಟರು ಅಕ್ಟೋಬರ್ ಕೊನೆಯಲ್ಲಿ ತೀರಿಕೊಂಡರು. ಅವರಿಗೆ ಆರು ವರ್ಷದಿಂದ ಮರೆವಿನ ಕಾಯಿಲೆ ಇತ್ತು, ಮನೆಯವರು ಹೊರಗೆ ಹೇಳಿರಲಿಲ್ಲ ಎಂದು ಟಿವಿಯವರು ಅವತ್ತು ಹೇಳಿದರು. ಮೂರನೇ ದಿನಕ್ಕೆ ಭದ್ರಾವತಿಯ ರಾಜ್ಯೋತ್ಸವ. ಬ್ಯಾನರಿನಲ್ಲಿ ಅಕ್ಕನ ಪಕ್ಕದಲ್ಲೇ ಆ ನಟರ ಮುಖ ಅಚ್ಚಾಗಿಹೋಗಿತ್ತು.

ನಾನು ಏನು ಮಾಡಿದೆ ಎಂಬುದನ್ನೂ ಇಲ್ಲಿ ಹೇಳಬೇಕು. ಸಾವಿನ ಸುದ್ದಿ ಬಂದ ದಿನವೇ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕುಳಿತು ಹೊಸ ಸ್ಕ್ರಿಪ್ಟ್ ಬರೆದೆ. ನಟರು ಯಮಲೋಕಕ್ಕೆ ಹೋಗುತ್ತಾರೆ, ಚಿತ್ರಗುಪ್ತ ಪಾಪಪುಣ್ಯ ಓದುತ್ತಾನೆ, ಇವರಿಗೆ ತಾವು ಸತ್ತದ್ದೇ ಮರೆತುಹೋಗಿದೆ, ಕೊನೆಗೆ ಯಮನಿಗೇ ಇವರನ್ನು ಯಾಕೆ ಕರೆಸಿದೆ ಎನ್ನುವುದು ಮರೆತುಹೋಗುತ್ತದೆ. ಸಾವಿಗೆ ಗೌರವ ಕೊಟ್ಟ ಹಾಗೂ ಆಯಿತು, ನಗಿಸಿದ ಹಾಗೂ ಆಯಿತು ಎಂದುಕೊಂಡೆ. ಹನ್ನೊಂದು ದಿನದ ಕಟ್ಟಳೆ ಗೊತ್ತಿದ್ದೂ, ಕಾಯಿಲೆಯ ಸುದ್ದಿ ಕೇಳಿಯೂ ಹಾಗೆ ಬರೆದೆ. ಸಂಜೆ ಹೊಸಮನೆಗೆ ಹೋಗಿ ಕೊಟ್ಟೆ. ಅಕ್ಕ ನಿಂತೇ ಓದಿದರು. ಚಿತ್ರಗುಪ್ತ ಬರುವಲ್ಲಿ ನಕ್ಕರು, ಯಮನ ಹತ್ತಿರ ಬಂದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಹಾಳೆಗಳನ್ನು ನಾಲ್ಕಾಗಿ ಮಡಚಿ ನನ್ನ ಜೇಬಿಗೇ ಇಟ್ಟರು.

"ಚೆನ್ನಾಗಿದೆ ಮೇಷ್ಟ್ರೇ. ಅದಕ್ಕೇ ಮಾಡಬಾರದು."

ಹಾಗಾದರೆ ಐಟಂ ಬಿಟ್ಟು ಎರಡು ನಿಮಿಷ ಮೌನ ಇಟ್ಟುಕೊಳ್ಳೋಣ ಎಂದೆ. ಅದಕ್ಕೂ ಒಪ್ಪಲಿಲ್ಲ. ಮೂರು ವರ್ಷ ಅವರ ಕಾಯಿಲೆಯನ್ನು ಆಡಿಕೊಂಡು ಅನ್ನ ತಿಂದು, ಇವತ್ತು ಎದ್ದು ನಿಂತು ಕೈಮುಗಿದು ಮುಂದಕ್ಕೆ ಹೋದರೆ ಅದು ಕಳ್ಳಾಟ ಎಂದರು. ಮತ್ತೆ ಏನು ಮಾಡುತ್ತೀರಿ ಎಂದರೆ ಗೊತ್ತಿಲ್ಲ ಎಂದರು. ಆ ಮನೆಯಲ್ಲಿ ನಾನು ಎಷ್ಟೋ ಸಂಜೆ ಕೂತಿದ್ದೇನೆ. ಅವರು ಅಷ್ಟು ಸೋತವರಂತೆ ಕಂಡದ್ದು ಅವತ್ತೊಂದೇ ದಿನ. ಅವರಿಗೆ ತಮ್ಮ ಕಿವಿಯ ಮೇಲೆ ಹೆಮ್ಮೆ ಇತ್ತು. ಉಸಿರು ಕೇಳಿ ಮನುಷ್ಯನನ್ನು ಹಿಡಿಯುತ್ತೇನೆ ಎನ್ನುತ್ತಿದ್ದವರು. ಆ ಉಸಿರಿನಲ್ಲಿ ಹೆದರಿಕೆ ಇತ್ತು, ಅದು ತಮಗೆ ಕೇಳಿಸಲಿಲ್ಲ ಎಂದು ಎರಡು ಮೂರು ಸಲ ಹೇಳಿದರು.

ಭದ್ರಾವತಿಯಲ್ಲಿ ಸಂಘದ ಕಾರ್ಯದರ್ಶಿ ಬೇಡಿಕೊಂಡ. ಜನ ಬಂದಿರುವುದೇ ಅದಕ್ಕೆ, ಒಂದೈದು ನಿಮಿಷ ಮಾಡಿ, ಶ್ರದ್ಧಾಂಜಲಿ ಎಂದು ನಾವೇ ಮೈಕಿನಲ್ಲಿ ಹೇಳುತ್ತೇವೆ ಎಂದ. ಅಕ್ಕ ಲವಂಗ ಬಾಯಿಗೆ ಹಾಕಿಕೊಂಡರು. ಬೇರೆ ಐಟಂಗಳನ್ನೆಲ್ಲ ಮಾಡಿ ಮುಗಿಸಿದರು. ಕೊನೆಗೆ, ಆ ನಟರ ಸರದಿ ಬರಬೇಕಿದ್ದ ಜಾಗದಲ್ಲಿ, ಶಾಲಿಲ್ಲದೆ ಬಂದು ನಿಂತು, ಇವತ್ತು ಅವರನ್ನು ಮಾಡುವುದಿಲ್ಲ ಎಂದರು. ಮೈದಾನದಲ್ಲಿ ಗುಜುಗುಜು ಎದ್ದಿತು. ಹಿಂದಿನಿಂದ ಯಾರೋ ಆ ನಟರ ದನಿ ತೆಗೆದು, "ಅದೇನು ಹೇಳ್ತಿದ್ದೆ ನಾನು?" ಎಂದು ಕೂಗಿದ. ಎಲ್ಲರೂ ನಕ್ಕರು. ಅಕ್ಕ ಆ ನಗು ಪೂರ್ತಿ ಮುಗಿಯುವವರೆಗೂ ಸುಮ್ಮನೆ ನಿಂತಿದ್ದರು.

"ಆ ಮಾತಿಗೆ ನಗೋದನ್ನ ನಿಮಗೆ ಕಲಿಸಿದ್ದು ನಾನೇ. ಅದು ಕಾಯಿಲೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಮಾಡ್ತಿರಲಿಲ್ಲ ಅಂತ ಹೇಳೋಕೂ ನನಗೆ ಧೈರ್ಯ ಇಲ್ಲ. ಯಾಕಂದ್ರೆ ನೀವು ಅಷ್ಟು ಚೆನ್ನಾಗಿ ನಗ್ತಿದ್ರಿ. ಅವರಿಗೆ ಹೇಳಬೇಕಾಗಿದ್ದನ್ನ ನಿಮ್ಮ ಮುಂದೆ ಹೇಳ್ತಿದ್ದೀನಿ. ತಪ್ಪಾಯ್ತು."

ಅಷ್ಟು ಹೇಳಿ ಒಳಗೆ ಬಂದರು. ಚಪ್ಪಾಳೆ ಬೀಳಲಿಲ್ಲ, ಬೈಗುಳವೂ ಬರಲಿಲ್ಲ. ಜನ ಮೆಲ್ಲಗೆ ಎದ್ದು ಹೋದರು. ಕಾರ್ಯದರ್ಶಿಯ ಮುಖ ಸಪ್ಪಗಿತ್ತು. ನನಗೂ, ನಿಜ ಹೇಳಬೇಕೆಂದರೆ, ಇಷ್ಟು ಬೇಕಿತ್ತೇ ಎನ್ನಿಸಿತು. ನಗೆ ತಂಡದವರು ಸ್ಟೇಜಿನ ಮೇಲೆ ತಪ್ಪೊಪ್ಪಿಕೊಂಡರೆ ಮುಂದಿನ ವರ್ಷ ಯಾರು ಕರೆಯುತ್ತಾರೆ ಎಂಬ ಯೋಚನೆ.

ನಾವು ಸಾಮಾನು ಕಟ್ಟುತ್ತಿದ್ದಾಗ ಒಬ್ಬ ಹೆಂಗಸು ಸ್ಟೇಜಿನ ಹಿಂದೆ ಬಂದರು. ಅರವತ್ತು ದಾಟಿದವರು, ಸರೋಜಮ್ಮ ಎಂದು ಹೇಳಿಕೊಂಡರು. ಗಂಡ ನಂಜುಂಡಪ್ಪ, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು. ಅವರಿಗೂ ಎರಡು ವರ್ಷದಿಂದ ಅದೇ ಕಾಯಿಲೆ. ಅಕ್ಕನ ಮುಖ ಇಳಿದುಹೋಯಿತು. ಈಕೆ ಬೈಯುವುದಕ್ಕೇ ಬಂದಿದ್ದಾರೆ ಎಂದು ನಾವೆಲ್ಲ ಅಂದುಕೊಂಡೆವು. ಆದರೆ ಸರೋಜಮ್ಮ ಹೇಳಿದ್ದು ಬೇರೆ. ಮೊದಮೊದಲು ಮಾತು ಮರೆತಾಗ ನಂಜುಂಡಪ್ಪ ಸಿಟ್ಟಾಗುತ್ತಿದ್ದರಂತೆ, ತಟ್ಟೆ ತಳ್ಳುತ್ತಿದ್ದರಂತೆ, ಬಂದವರ ಮುಂದೆ ಬಾಯಿ ಬಿಡುತ್ತಲೇ ಇರಲಿಲ್ಲವಂತೆ. ಒಂದು ಸಲ ಇಲ್ಲೇ ಈ ಐಟಂ ನೋಡಿ ಹೋದ ಮೇಲೆ, ಊಟದ ನಡುವೆ ಮಾತು ತಪ್ಪಿದಾಗ, ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಅಕ್ಕನ ಹಾಗೆಯೇ "ಅದೇನು ಹೇಳ್ತಿದ್ದೆ ನಾನು?" ಎಂದರಂತೆ. ಮಕ್ಕಳೆಲ್ಲ ನಕ್ಕರು, ಅವರೂ ನಕ್ಕರು. ಆಮೇಲಿಂದ ಮನೆಯಲ್ಲಿ ಅವರು ಹಾಗೆ ಕೇಳುವುದು, ಉಳಿದವರು ನೆನಪು ಮಾಡಿಕೊಡುವುದು ನಡೆದುಬಂತು.

"ನೀವು ಇವತ್ತು ತಪ್ಪಾಯ್ತು ಅಂದ್ರಲ್ಲ, ಅವರು ನನ್ನ ಕೇಳಿದ್ರು, ಯಾಕೆ ಆಟ ನಿಲ್ಲಿಸಿಬಿಟ್ರು ಅಂತ. ನಾನೇನು ಹೇಳ್ಲಿ ಅಕ್ಕ? ನಿಲ್ಲಿಸಬೇಡಿ. ಬೇರೆ ಥರ ಮಾಡೋಕಾಗುತ್ತಾ ನೋಡಿ."

ಮುಂದಿನ ಭಾನುವಾರದಿಂದ ಅಕ್ಕ ಭದ್ರಾವತಿಗೆ ಹೋಗತೊಡಗಿದರು. ವಾರಕ್ಕೊಮ್ಮೆ, ಬೆಳಗಿನ ಬಸ್ಸಿಗೆ. ಎರಡು ಮೂರು ಸಲ ನಾನೂ ಜೊತೆಗಿದ್ದೆ. ನಂಜುಂಡಪ್ಪ ಜಗಲಿಯಲ್ಲಿ ಕೂತು ಬೀದಿ ನೋಡುತ್ತಿದ್ದರು. ಗಟ್ಟಿ ಆಳು, ಬೆರಳುಗಳಲ್ಲಿ ಹಳೆಯ ಕೆಲಸದ ಗಾಯದ ಗುರುತುಗಳು. ಅಕ್ಕನನ್ನು ಒಂದು ದಿನ ನೆಂಟರು ಎನ್ನುತ್ತಿದ್ದರು, ಇನ್ನೊಂದು ದಿನ ಮೀಟರ್ ನೋಡಲು ಬಂದವರು ಎನ್ನುತ್ತಿದ್ದರು. ಅಕ್ಕ ಎರಡಕ್ಕೂ ಹೂಂ ಎನ್ನುತ್ತಿದ್ದರು. ಮಾತು ತಪ್ಪಿದಾಗ ಅವರ ಉಸಿರು ಎಲ್ಲಿ ನಿಲ್ಲುತ್ತದೆ, ಮನೆಯವರು ಒಂದು ಪದ ಕೊಟ್ಟಾಗ ಹೇಗೆ ಸಡಿಲವಾಗುತ್ತದೆ ಎಂದು ನೋಡುತ್ತಿದ್ದರು. ಸರೋಜಮ್ಮ ಪದವನ್ನು ಕೂಡಲೇ ಕೊಡುತ್ತಿರಲಿಲ್ಲ. ಸ್ವಲ್ಪ ಕಾಯುತ್ತಿದ್ದರು. ಮುಕ್ಕಾಲು ಪಾಲು ಅವರೇ ಹುಡುಕಿಕೊಳ್ಳುತ್ತಾರೆ, ನಾವು ಅವಸರ ಮಾಡಬಾರದು ಅಷ್ಟೇ ಎಂದು ಹೇಳಿದ್ದರು. ಅಕ್ಕ ಅದನ್ನು ಬಸ್ಸಿನಲ್ಲಿ ಬರುವಾಗ ನನಗೆ ಎರಡು ಸಲ ಹೇಳಿದರು.

ಅಷ್ಟರಿಂದ ಅವರಿಗೆ ಸಮಾಧಾನವಾಗಲಿಲ್ಲ. ತೀರಿಕೊಂಡ ನಟರ ಹೆಂಡತಿಯ ಜೊತೆ ಮಾತಾಡಬೇಕು ಎಂದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಟಿವಿ ಚಾನೆಲ್ಲಿನಲ್ಲಿದ್ದ. ಅವನು ಆ ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆ ಫೋನ್ ನಂಬರ್ ಕೊಟ್ಟ. ಅಕ್ಕ ಫೋನ್ ಮಾಡಿದಾಗ ನಾನು ಎದುರಿಗೇ ಕೂತಿದ್ದೆ. ಎಷ್ಟೋ ವರ್ಷ ಬೇರೆಯವರ ಫೋನ್ ಜೋಡಿಸಿದ ಹೆಂಗಸು ಅವತ್ತು ನಂಬರನ್ನು ಎರಡು ಸಲ ತಪ್ಪು ಒತ್ತಿದರು. ತಾನು ಯಾರು, ಏನು ಮಾಡಿದೆ ಎಂದು ಒಂದೂ ಬಿಡದೆ ಹೇಳಿದರು. ಆ ಕಡೆಯಿಂದ ಆಕೆ ತುಂಬ ಹೊತ್ತು ಮಾತಾಡಿದರು. ಆ ವಿಡಿಯೋಗಳು ಗಂಡನಿಗೆ ಕಾಣದ ಹಾಗೆ ಮನೆಯವರು ಮೊಬೈಲ್ ಬಚ್ಚಿಡುತ್ತಿದ್ದರಂತೆ. ಮಗಳು ಒಮ್ಮೆ ಮದುವೆಮನೆಯಲ್ಲಿ ಯಾರೋ ಆ ಮಾತು ಹೇಳಿದ್ದಕ್ಕೆ ಊಟ ಬಿಟ್ಟು ಎದ್ದು ಬಂದಿದ್ದಳಂತೆ. ಅಕ್ಕ ಎಲ್ಲಕ್ಕೂ "ಹೌದಮ್ಮ" ಎಂದಷ್ಟೇ ಹೇಳುತ್ತಿದ್ದರು. ಕ್ಷಮಿಸಿ ಎಂದು ಮಧ್ಯದಲ್ಲಿ ಬಾಯಿ ಹಾಕಲಿಲ್ಲ. ಆಕೆ ಕ್ಷಮಿಸಿದೆ ಎಂದೂ ಹೇಳಲಿಲ್ಲ.

ಫೋನ್ ಇಡುವ ಮೊದಲು ಆಕೆ ಒಂದು ಮಾತು ಕೇಳಿದರು. ಆ ಎತ್ತಿನ ಕಥೆ ಕೊನೆಗೆ ಏನಾಯಿತು ಅಂತ ನಿಮ್ಮಲ್ಲಿ ಯಾರಿಗಾದರೂ ಗೊತ್ತಾ? ಅಕ್ಕ ಇಲ್ಲ ಎಂದರು. ಮದುವೆಯಾದ ವರ್ಷ ಅವರು ನನಗೆ ಪೂರ್ತಿ ಹೇಳಿದ್ದರು ಎಂದು ಆಕೆ ಕಥೆ ಹೇಳಿದರು. ದೂರದ ಸಂತೆಯಲ್ಲಿ ಮಾರಿದ ಎತ್ತು ಕೊಂಡವನ ಕೊಟ್ಟಿಗೆಯಿಂದ ತಪ್ಪಿಸಿಕೊಂಡು, ಮೂರು ದಿನ ನಡೆದು, ತಾನಾಗಿಯೇ ಮನೆಗೆ ಬಂತಂತೆ. ಕೊರಳಲ್ಲಿ ಕೊಂಡವನು ಕಟ್ಟಿದ್ದ ಹೊಸ ಗಂಟೆ ಹಾಗೇ ಇತ್ತಂತೆ. ಹಿಂದೆಯೇ ಆತನೂ ಬಂದ. ಹುಡುಗನಾಗಿದ್ದ ನಟರು ಎತ್ತಿನ ಕೊರಳು ತಬ್ಬಿಕೊಂಡು ಬಿಡಲೇ ಇಲ್ಲ. ಆತ ಸ್ವಲ್ಪ ಹೊತ್ತು ನೋಡಿ, ಎತ್ತು ನೀವೇ ಇಟ್ಟುಕೊಳ್ಳಿ, ಗಂಟೆ ಮಾತ್ರ ನನ್ನದು, ಅದನ್ನು ಕೊಡಿ ಎಂದನಂತೆ. "ಊರೆಲ್ಲ ಅರ್ಧ ಕಥೆಗೇ ನಕ್ಕಿದೆ. ಮಾಡೋದಾದ್ರೆ ಪೂರ್ತಿ ಮಾಡಿ" ಎಂದು ಹೇಳಿ ಆಕೆ ಫೋನ್ ಇಟ್ಟರು.

ಹೊಸ ಐಟಂ ಬರೆಯಲು ನನಗೆ ಒಂದು ತಿಂಗಳು ಹಿಡಿಯಿತು. ಯಮಲೋಕವನ್ನು ಒಂದು ಮಧ್ಯಾಹ್ನದಲ್ಲಿ ಬರೆದವನಿಗೆ ಒಂದು ಎತ್ತನ್ನು ಮನೆಗೆ ತಲುಪಿಸುವುದು ಅಷ್ಟು ಕಷ್ಟವಾಯಿತು. ಅಕ್ಕನ ಯೋಚನೆ ಇಷ್ಟು: ನಟರು ಮಾತು ಮರೆತು "ಅದೇನು ಹೇಳ್ತಿದ್ದೆ ನಾನು?" ಎಂದಾಗ ಮುರುಗೇಶ ಉತ್ತರ ಕೊಡಬಾರದು, ಅಕ್ಕನೂ ಮುಂದಕ್ಕೆ ಹೋಗಬಾರದು. ಕೂತವರು ಹೇಳಬೇಕು. ಹೇಳುವವರೆಗೂ ಕಾಯುವುದು. ಯಾರೂ ಹೇಳದೆ ಹೋದರೆ ಎಂದು ನಾನು ಕೇಳಿದೆ. ಕಾಯೋಣ ಎಂದರು. ನಗೆ ಕಾರ್ಯಕ್ರಮದಲ್ಲಿ ಕಾಯುವುದು ಎಂದರೇನು ಎನ್ನುವುದು ಸ್ಟೇಜು ಹತ್ತಿದವರಿಗೆ ಗೊತ್ತು. ಮೂರು ಸೆಕೆಂಡು ನಗು ಬರದಿದ್ದರೆ ಬೆವರು ಬರುತ್ತದೆ.

ಯುಗಾದಿಗೆ ಸ್ವಲ್ಪ ಮುಂಚೆ ಶಿವಮೊಗ್ಗದ ರಂಗಮಂದಿರದಲ್ಲಿ ಅದರ ಮೊದಲ ಪ್ರದರ್ಶನ. ಸಂಜೆ ಐದಕ್ಕೇ ಜನ ತುಂಬಿದ್ದರು. ಮುಂದಿನ ಸಾಲಿನಲ್ಲಿ ನಂಜುಂಡಪ್ಪ, ಪಕ್ಕದಲ್ಲಿ ಸರೋಜಮ್ಮ. ಅಕ್ಕನೇ ಆಟೋ ಕಳಿಸಿ ಸ್ಟೇಷನ್ನಿನಿಂದ ಕರೆಸಿಕೊಂಡಿದ್ದರು. ಅಕ್ಕ ಶಾಲು ಹೊದ್ದು ಬಂದು ಕುರ್ಚಿಯಲ್ಲಿ ಕೂತ ಕೂಡಲೇ ಜನ ನಗಲು ಶುರುಮಾಡಿದರು. ತೀರಿಕೊಂಡವರ ದನಿಯನ್ನು ಐದು ತಿಂಗಳ ಮೇಲೆ ಕೇಳುತ್ತಿದ್ದರು. ಎತ್ತಿನ ಕಥೆ ಶುರುವಾಯಿತು. ಎತ್ತು ಸಂತೆಗೆ ಹೊರಟಿತು, ಮಾತು ಮದುವೆಯ ಊಟಕ್ಕೆ ತಿರುಗಿತು, ನಿಂತಿತು.

"ಅದೇನು ಹೇಳ್ತಿದ್ದೆ ನಾನು?"

ಹಳೆಯ ಅಭ್ಯಾಸದಂತೆ ಇಡೀ ಸಭಾಂಗಣ ನಕ್ಕಿತು. ಅಕ್ಕ ಕಾದರು. ನಗು ಇಳಿಯಿತು. ಅಕ್ಕ ಇನ್ನೂ ಕಾಯುತ್ತಿದ್ದರು, ಜನರ ಮುಖ ನೋಡುತ್ತಾ. ಮುರುಗೇಶನ ಕೈ ಕೀಬೋರ್ಡಿನ ಕಡೆಗೆ ಹೋಗಿ ವಾಪಸು ಬಂತು. ಪರದೆಯ ಪಕ್ಕದಲ್ಲಿ ನಿಂತಿದ್ದ ನಾನು ಸ್ಕ್ರಿಪ್ಟಿನ ಹಾಳೆಯನ್ನು ಮುದುರಿಬಿಟ್ಟಿದ್ದೆ. ಕೊನೆಗೆ ಬಲಗಡೆಯಿಂದ ಒಬ್ಬ ಹೆಂಗಸು ಅಳುಕುತ್ತಾ, "ಎತ್ತು" ಎಂದಳು. ಅಕ್ಕ ಅತ್ತ ತಿರುಗಿದರು, ಮುಖ ಅರಳಿತು, ಬಿಗಿದಿದ್ದ ಉಸಿರು ಸಡಿಲವಾಯಿತು. ಹಾಂ, ಎತ್ತು ಎಂದು ಕಥೆಯನ್ನು ಅಲ್ಲಿಂದಲೇ ಹಿಡಿದುಕೊಂಡರು. ಎರಡನೆಯ ಸಲ ಮಾತು ತಪ್ಪಿದಾಗ ನಾಲ್ಕು ದಿಕ್ಕಿನಿಂದ ಉತ್ತರ ಬಂತು. ಜನಕ್ಕೆ ಆಟ ಅರ್ಥವಾಗಿತ್ತು. ಅವರು ಈಗಲೂ ನಗುತ್ತಿದ್ದರು, ಆದರೆ ನಗುವಿನ ಜೊತೆ ಕಥೆಯ ಮೇಲೂ ಒಂದು ಕಣ್ಣಿಟ್ಟಿದ್ದರು, ಎತ್ತು ತಪ್ಪಿಹೋಗಬಾರದು ಎನ್ನುವ ಹಾಗೆ.

ಎತ್ತು ಕೊಟ್ಟಿಗೆಯಿಂದ ತಪ್ಪಿಸಿಕೊಂಡು ಹೊರಟಲ್ಲಿ ಮೂರನೆಯ ಸಲ ಮಾತು ನಿಂತಿತು. ಸಭಾಂಗಣವೆಲ್ಲ ಬಾಯಿ ತೆರೆಯುವುದರೊಳಗೆ ಮುಂದಿನ ಸಾಲಿನಲ್ಲಿ ನಂಜುಂಡಪ್ಪ ಎದ್ದು ನಿಂತು, ಗಟ್ಟಿಯಾಗಿ, "ರೈಲು" ಎಂದರು.

ಹಿಂದೆ ಒಂದಿಬ್ಬರು ಕಿಸಕ್ಕನೆ ನಕ್ಕರು. ಸರೋಜಮ್ಮ ಅವರ ಕೈ ಹಿಡಿದು ಎಳೆದರು. ನನ್ನ ಸ್ಕ್ರಿಪ್ಟಿನಲ್ಲಿ ಎಲ್ಲೂ ರೈಲಿರಲಿಲ್ಲ. ಅಕ್ಕ ಆ ನಟರ ದನಿಯಲ್ಲೇ, ತುಂಬ ದಿನದ ಮೇಲೆ ಗೆಳೆಯ ಸಿಕ್ಕಿದ ಹಾಗೆ ಕೇಳಿದರು.

"ಯಾವ ರೈಲು ಯಜಮಾನ್ರೇ?"

"ಬೆಳಗಿನ ಗಾಡಿ. ತರೀಕೆರೆಯಿಂದ."

ಕ್ವಾರ್ಟರ್ಸ್ ಸಿಗುವ ಮುಂಚೆ ಅವರು ಎಂಟು ವರ್ಷ ತರೀಕೆರೆಯಿಂದ ರೈಲಿನಲ್ಲಿ ಬಂದು ಕಾರ್ಖಾನೆಯ ಕೆಲಸ ಮಾಡಿದವರು ಎಂದು ಸರೋಜಮ್ಮ ಆಮೇಲೆ ಹೇಳಿದರು. ಅಕ್ಕನಿಗೆ ಆಗ ಅದು ಗೊತ್ತಿರಲಿಲ್ಲ. ನಮ್ಮ ಎತ್ತೂ ಅದೇ ದಾರಿ ಹಿಡಿಯಿತು, ರೈಲು ಕಂಬಿಯ ಪಕ್ಕಪಕ್ಕದಲ್ಲೇ ನಡೆಯಿತು ಎಂದು ಕಥೆಯನ್ನು ಅತ್ತ ತಿರುಗಿಸಿಬಿಟ್ಟರು. ತರೀಕೆರೆಯಲ್ಲಿ ಎತ್ತು ಪ್ಲಾಟ್‌ಫಾರಂ ಹತ್ತಿ ಸ್ಟೇಷನ್ ಮಾಸ್ತರರ ಮೇಜಿನ ಮೇಲಿದ್ದ ಬಾಳೆಹಣ್ಣು ತಿಂದಿತು. ಜನ ನಕ್ಕರು, ನಂಜುಂಡಪ್ಪನವರೂ ನಕ್ಕರು. ಮುಂದೆ ಯಾವ ಊರು ಎಂದು ಅಕ್ಕ ಕೇಳಿದರು. ಅವರು ಮಸರಹಳ್ಳಿ ಎಂದರು. ಮಸರಹಳ್ಳಿಯಲ್ಲಿ ಎತ್ತು ನೀರು ಕುಡಿಯಿತು. ಕೊರಳ ಗಂಟೆಯ ಸದ್ದಿಗೆ ಗಾಡಿ ಹೊರಡುವ ಗಂಟೆ ಎಂದುಕೊಂಡು ಜನ ಓಡಿಬಂದರು. ಆಮೇಲೆ ಎಂದು ಅಕ್ಕ ಕೇಳಿದರು.

ನಂಜುಂಡಪ್ಪ ಬಾಯಿ ತೆರೆದು ಹಾಗೇ ನಿಂತರು. ಮಾತು ಸಿಗಲಿಲ್ಲ. ಮುಂದಿನ ಊರು ಯಾವುದೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅರ್ಧಕ್ಕರ್ಧ ಜನ ಆ ಊರಿನ ಕಡೆಯವರೇ. ಅಕ್ಕ ಶಾಲು ಸರಿಮಾಡಿಕೊಂಡು ಅವರನ್ನೇ ನೋಡುತ್ತಾ ಕೂತರು. ಯಾರೂ ಹೇಳಿಕೊಡಲಿಲ್ಲ, ಯಾರೂ ಕೆಮ್ಮಲೂ ಇಲ್ಲ. ಅಷ್ಟು ಜನ ಒಬ್ಬ ಮನುಷ್ಯನಿಗಾಗಿ ಹಾಗೆ ಕಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

"ಭದ್ರಾವತಿ" ಎಂದರು ನಂಜುಂಡಪ್ಪ.

ಭದ್ರಾವತಿ ಬಂತು. ಎತ್ತು ಮನೆಯ ಬಾಗಿಲಿಗೆ ಬಂದು ನಿಂತಿತು, ಹುಡುಗ ಅದರ ಕೊರಳು ತಬ್ಬಿಕೊಂಡ, ಕೊಂಡವನು ಏದುಸಿರು ಬಿಡುತ್ತಾ ಬಂದು ತನ್ನ ಗಂಟೆ ಕೇಳಿದ. ಆ ನಗು ರಂಗಮಂದಿರದ ಹೊರಗೆ ನಿಂತಿದ್ದ ಆಟೋದವರಿಗೂ ಕೇಳಿಸಿತಂತೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಾಗ, ನಂಜುಂಡಪ್ಪ ಹೆಂಡತಿಯ ಬ್ಯಾಗನ್ನು ತಾವೇ ಕೈಗೆತ್ತಿಕೊಂಡು ಹೊರಟರು. ಎಲ್ಲಿಗೆ ಎಂದು ಸರೋಜಮ್ಮ ಕೇಳಿದರು. ಊರು ಬಂತಲ್ಲ, ಇಳಿಯೋಣ ಬಾ ಎಂದರು.

ಅಕ್ಕ ಸ್ಟೇಜಿನ ಅಂಚಿಗೆ ಬಂದು, ಶಾಲು ತೆಗೆದು ಮಡಚಿ ಕೈಯಲ್ಲಿ ಹಿಡಿದುಕೊಂಡು, ಅವರ ಮಟ್ಟಕ್ಕೆ ಬಗ್ಗಿದರು.

"ಇಷ್ಟು ಬೇಗ ಇಳೀಬೇಡಿ ಯಜಮಾನ್ರೇ. ಇನ್ನೂ ಎರಡು ಐಟಂ ಇದೆ."

ಅವರು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಕುಳಿತರು.